ಕಾರವಾರದಲ್ಲಿ ಕೂತು ರಾಷ್ಟ್ರೀಯ ಸೂಪರ್‌ಕಂಪ್ಯೂಟರ್ ಬಳಸುವುದು: ಅರ್ಜಿಯಿಂದ ಟಿಕೆಟ್‌ವರೆಗೆ ನನ್ನ ಅನುಭವ

ನಮ್ಮ ಘಟ್ಟದ ಮಳೆಯನ್ನು 3 ಕಿ.ಮೀ. ಚೌಕಗಳಲ್ಲಿ ಲೆಕ್ಕ ಹಾಕುವುದು ಲ್ಯಾಬಿನ ಕಂಪ್ಯೂಟರಿನಿಂದ ಆಗುವ ಕೆಲಸವಲ್ಲ. ಕುಮಟಾದ ಕಡಲತಡಿಯಿಂದ ದೇವಿಮನೆ ಘಟ್ಟ ಹತ್ತಿ ಶಿರಸಿ ಮುಟ್ಟುವಷ್ಟರಲ್ಲಿ ನೆಲ 600 ಮೀಟರ್ ಹತ್ತಿರ ಏರಿರುತ್ತದೆ. ಜಾಗತಿಕ ಹವಾಮಾನ ದತ್ತಾಂಶದ ಚೌಕ 25–30 ಕಿ.ಮೀ. ಅಗಲ. ಅದರಲ್ಲಿ ಕಡಲು, ಕರಾವಳಿ, ಘಟ್ಟ ಮೂರೂ ಒಂದೆರಡು ಚೌಕದೊಳಗೆ ಕಲಸಿಹೋಗುತ್ತವೆ. 2021ರ ಜುಲೈಯಲ್ಲಿ ಯಲ್ಲಾಪುರದ ಕಳಚೆ ಕುಸಿಯಿತು, 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಗೆ ಬಿತ್ತು. ಇಂಥ ಕಡೆ ಯಾವ ಇಳಿಜಾರಿನ ಮೇಲೆ ಯಾವ ಗಂಟೆಯಲ್ಲಿ ಎಷ್ಟು ಮಳೆ ಸುರಿಯಿತು ಎಂಬುದೇ ಪ್ರಶ್ನೆ. ಅದಕ್ಕೆ ಬೇಕಾದ ಯಂತ್ರ ಜಿಲ್ಲೆಯಲ್ಲಿ ಇಲ್ಲದಿದ್ದರೂ ಇಲ್ಲಿಂದಲೇ ಬಳಸಬಹುದು. ಡಬ್ಲ್ಯುಆರ್‌ಎಫ್ ಎಂಬ, ಮಳೆ-ಗಾಳಿಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಮಾದರಿಯನ್ನು ಇಟ್ಟುಕೊಂಡು ನಾನು ಅನುಸರಿಸುವ ಕ್ರಮ ಬರೆಯುತ್ತಿದ್ದೇನೆ. ಅಘನಾಶಿನಿ ಅಳಿವೆಯ ಭರತ-ಇಳಿತದ ಲೆಕ್ಕಕ್ಕೂ, ಕಾಳಿ ನದಿಯ ಕೆಸರಿನ ಸೂಕ್ಷ್ಮಜೀವಿಗಳ ಜೀನೋಮ್ ಕೆಲಸಕ್ಕೂ ಅರ್ಜಿಯ ದಾರಿ ಇದೇ.

ನ್ಯಾಷನಲ್ ಸೂಪರ್‌ಕಂಪ್ಯೂಟಿಂಗ್ ಮಿಷನ್ 2015ರಲ್ಲಿ 4,500 ಕೋಟಿ ರೂಪಾಯಿಯ ಯೋಜನೆಯಾಗಿ ಶುರುವಾಯಿತು. ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ ಮತ್ತು ಭಾರತೀಯ ವಿಜ್ಞಾನ ಸಂಸ್ಥೆ ಅದನ್ನು ನಡೆಸುತ್ತವೆ. ಬೆಂಗಳೂರಿನಲ್ಲೇ ಮೂರು ಯಂತ್ರಗಳಿವೆ: ವಿಜ್ಞಾನ ಸಂಸ್ಥೆಯ ಪರಮ್ ಪ್ರವೇಗ, ಜವಾಹರಲಾಲ್ ನೆಹರು ಕೇಂದ್ರದ ಪರಮ್ ಯುಕ್ತಿ, ಸಿ-ಡ್ಯಾಕ್‌ನ ಪರಮ್ ಉತ್ಕರ್ಷ. ನಮಗೆ ಹತ್ತಿರವೆಂದು ಬೆಂಗಳೂರನ್ನೇ ಹಿಡಿಯಬೇಕಿಲ್ಲ. ಯಂತ್ರ ಪುಣೆಯಲ್ಲಿದ್ದರೂ ಗುವಾಹಟಿಯಲ್ಲಿದ್ದರೂ ಕಾರವಾರದ ಪರದೆಗೆ ಒಂದೇ. ಆಯ್ಕೆ ಮಾಡುವಾಗ ಮೂರು ಪ್ರಶ್ನೆ ಕೇಳಿ: ಹೊರಗಿನ ಸಂಸ್ಥೆಯವರಿಗೆ ಪಾಲು ಇದೆಯೇ, ಶುಲ್ಕ ಇದ್ದರೆ ಕೋರ್-ಗಂಟೆಗೆ (ಒಂದು ಪ್ರೊಸೆಸರ್ ಕೋರ್ ಒಂದು ಗಂಟೆ ದುಡಿದ ಲೆಕ್ಕಕ್ಕೆ) ಎಷ್ಟು, ನಿಮ್ಮ ಸಾಫ್ಟ್‌ವೇರ್ ಅಲ್ಲಿ ಈಗಾಗಲೇ ಇದೆಯೇ. ಮೂರನೆಯದಕ್ಕೆ ಹೌದು ಎಂಬ ಉತ್ತರ ಸಿಕ್ಕರೆ ವಾರಗಟ್ಟಲೆ ಕೆಲಸ ಉಳಿಯುತ್ತದೆ.

ಹಿಂದೆ ಹಲವು ಊರುಗಳ ಕಂಪ್ಯೂಟರುಗಳನ್ನು ಒಂದಾಗಿ ಬೆಸೆದ ಸಿ-ಡ್ಯಾಕ್‌ನ ಗರುಡ ಗ್ರಿಡ್ ಇದ್ದಾಗ ಪಾಸ್‌ವರ್ಡ್ ಸಾಲುತ್ತಿರಲಿಲ್ಲ. ಭಾರತೀಯ ಗ್ರಿಡ್ ಪ್ರಮಾಣೀಕರಣ ಪ್ರಾಧಿಕಾರದಿಂದ ಡಿಜಿಟಲ್ ಪ್ರಮಾಣಪತ್ರ ಪಡೆದು, ಅದರಿಂದ ಕೆಲವು ಗಂಟೆ ಮಾತ್ರ ಬಾಳುವ ತಾತ್ಕಾಲಿಕ ಪತ್ರ ಹುಟ್ಟಿಸಿ, ಆಮೇಲೆ ಜಾಬ್ (ಯಂತ್ರಕ್ಕೆ ಒಪ್ಪಿಸುವ ಲೆಕ್ಕದ ಕೆಲಸ) ಕಳಿಸಬೇಕಿತ್ತು. ಗ್ರಿಡ್ ಪ್ರಮಾಣಪತ್ರ ಬೇಕಾದ ಕೆಲಸ ಈಗಲೂ ಇದೆ. ಯುರೋಪಿನ ಕಣಭೌತ ಪ್ರಯೋಗಾಲಯ ಸರ್ನ್‌ನ ದತ್ತಾಂಶ ಹಂಚಿಕೊಳ್ಳುವ ಮುಂಬೈಯ ಟಿಐಎಫ್‌ಆರ್, ಕೋಲ್ಕತ್ತದ ವಿಇಸಿಸಿ ಕೇಂದ್ರಗಳು ಅದಕ್ಕೆ ಉದಾಹರಣೆ. ಅಂಥ ಕಡೆ ಪತ್ರ ಸರಿಯಿದ್ದೂ ‘ಅಮಾನ್ಯ’ ಎಂದು ಬಂದರೆ ಮೊದಲು ನಿಮ್ಮ ಕಂಪ್ಯೂಟರಿನ ಗಡಿಯಾರ ನೋಡಿ. ಕೆಲವೇ ನಿಮಿಷ ಆಚೀಚೆ ಇದ್ದರೂ ಈಗಷ್ಟೇ ಹುಟ್ಟಿದ ಪತ್ರ ‘ಇನ್ನೂ ಜಾರಿಗೆ ಬಂದಿಲ್ಲ’ ಎಂದಾಗಬಹುದು. ನಮ್ಮಂಥ ಮಾದರಿ ಕೆಲಸಕ್ಕೆ ಇದರ ಗೊಡವೆ ಇಲ್ಲ.

ಅರ್ಜಿ ಹಾಕುವವರು ಸಂಸ್ಥೆಯ ಕಾಯಂ ಅಧ್ಯಾಪಕರೋ ವಿಜ್ಞಾನಿಯೋ ಆಗಿರಬೇಕು. ಸಂಶೋಧನಾ ವಿದ್ಯಾರ್ಥಿಗೆ ಗೈಡ್ ಮೂಲಕವೇ ಖಾತೆ. ಫಾರಂಗೆ ಗೈಡ್ ಸಹಿ, ವಿಭಾಗದ ಮುಖ್ಯಸ್ಥರ ಸಹಿ, ಸೀಲು, ಗುರುತಿನ ಚೀಟಿಯ ಪ್ರತಿ ಕೇಳುತ್ತಾರೆ. ಇಮೇಲ್ ಸಂಸ್ಥೆಯದ್ದೇ ಇರಲಿ, ಜಿಮೇಲ್ ವಿಳಾಸದ ಅರ್ಜಿ ವಾಪಸ್ ಬರುವ ಸಾಧ್ಯತೆ ಹೆಚ್ಚು. ಕಾಲೇಜಿನ ಹೆಸರಿನಲ್ಲಿ ಇಮೇಲ್ ವ್ಯವಸ್ಥೆ ಇಲ್ಲದಿದ್ದರೆ ಮೊದಲು ಅದನ್ನು ಮಾಡಿಸಿಕೊಳ್ಳಿ. ಒಬ್ಬೊಬ್ಬ ವಿದ್ಯಾರ್ಥಿಗೂ ಬೇರೆ ಖಾತೆ ಕೇಳಿ. ಒಂದೇ ಖಾತೆಯನ್ನು ಮೂವರು ಹಂಚಿಕೊಂಡದ್ದು ಗೊತ್ತಾದರೆ ಇಡೀ ಪ್ರಾಜೆಕ್ಟನ್ನೇ ತಡೆಹಿಡಿಯಬಹುದು.

ಫಾರಂನಲ್ಲಿ ನಿಜವಾಗಿ ತೂಕ ಇರುವುದು ಒಂದೇ ಕಾಲಮಿಗೆ: ಎಷ್ಟು ಕೋರ್-ಗಂಟೆ ಬೇಕು, ಯಾಕೆ. ಇಲ್ಲಿ ಅಂದಾಜಿನ ದೊಡ್ಡ ಸಂಖ್ಯೆ ಬರೆದರೆ ಪರಿಶೀಲಿಸುವವರಿಗೆ ಒಂದೇ ನೋಟಕ್ಕೆ ತಿಳಿಯುತ್ತದೆ. ಅಳತೆ ಮಾಡಿ ಬರೆದ ಸಂಖ್ಯೆಗೆ ಬೆಲೆ. ಮೊದಲು ಪರೀಕ್ಷೆಗೆಂದು ಸಣ್ಣ ಪಾಲು ಕೇಳಿ, ಅದರಲ್ಲಿ ಒಂದೇ ದಿನದ ಮಳೆಯನ್ನು 1, 2, 3 ನೋಡ್‌ಗಳಲ್ಲಿ (ಯಂತ್ರದೊಳಗಿನ ಒಂದೊಂದು ಕಂಪ್ಯೂಟರ್ ಒಂದು ನೋಡ್) ಓಡಿಸಿ ಸಮಯ ಬರೆದಿಡಿ. ಪರಮ್ ಯಂತ್ರಗಳಲ್ಲಿ 48 ಕೋರ್, 192 ಜಿಬಿ ಮೆಮೊರಿಯ ನೋಡ್ ಸಾಮಾನ್ಯ. 3 ನೋಡ್ ಎಂದರೆ 144 ಕೋರ್. ಅದರಲ್ಲಿ ಒಂದು ದಿನದ ಮಳೆಗೆ 2 ಗಂಟೆ ಹಿಡಿಯಿತು ಎಂದಿಟ್ಟುಕೊಳ್ಳಿ: 288 ಕೋರ್-ಗಂಟೆ. ಜೂನ್ 1ರಿಂದ ಸೆಪ್ಟೆಂಬರ್ 30ರವರೆಗೆ 122 ದಿನ, ಅಂದರೆ 35,136. ಮೋಡವನ್ನು ಲೆಕ್ಕ ಹಾಕುವ ಎರಡು ಸೂತ್ರ ಹೋಲಿಸಬೇಕಾದರೆ 70,272. ಕೆಟ್ಟುಹೋಗುವ ಓಟಗಳಿಗೆ ಕಾಲು ಭಾಗ ಸೇರಿಸಿದರೆ 87,840. ಈ ನಾಲ್ಕು ಸಾಲನ್ನು ಹಾಗೆಯೇ ಅರ್ಜಿಯಲ್ಲಿ ಬರೆಯಿರಿ, 1–2–3 ನೋಡ್‌ಗಳ ಸಮಯದ ಕೋಷ್ಟಕವನ್ನೂ ಲಗತ್ತಿಸಿ. ನೋಡ್ ದುಪ್ಪಟ್ಟಾದರೆ ಸಮಯ ಅರ್ಧಕ್ಕೆ ಇಳಿಯಬೇಕು. ಮುಕ್ಕಾಲಿಗೆ ಮಾತ್ರ ಇಳಿದರೆ ಹೆಚ್ಚು ನೋಡ್ ಕೇಳುವುದು ದಂಡ.

ಹೆಚ್ಚು ಕೋರ್ ಕೊಟ್ಟರೆ ಕೆಲಸವೇ ನಿಲ್ಲುವುದೂ ಉಂಟು. ಡಬ್ಲ್ಯುಆರ್‌ಎಫ್ ಭೂಭಾಗವನ್ನು ತುಂಡು ಮಾಡಿ ಕೋರ್‌ಗಳಿಗೆ ಹಂಚುತ್ತದೆ, ಪ್ರತಿ ತುಂಡು ಎರಡೂ ದಿಕ್ಕಿಗೆ ಕನಿಷ್ಠ 10 ಬಿಂದು ಇರಬೇಕು. ಲೆಕ್ಕದ ಇಡೀ ಭೂಭಾಗವಾದ ಹೊರಚೌಕ 9 ಕಿ.ಮೀ. ಅಂತರದ 150×150 ಬಿಂದು, ಅದರೊಳಗೆ ನಮಗೆ ಬೇಕಾದ ಭಾಗದ ಒಳಚೌಕ 3 ಕಿ.ಮೀ. ಅಂತರದ 202×202 ಬಿಂದು ಎಂದಿರಲಿ. 144 ಕೋರ್ 12×12 ಆಗಿ ಹಂಚಿಕೆಯಾಗಿ ತುಂಡಿಗೆ 12 ಬಿಂದು ಸಿಗುತ್ತದೆ. ಬೇಗ ಮುಗಿಯಲಿ ಎಂದು 4 ನೋಡ್ ಕೊಟ್ಟರೆ 192 ಕೋರ್ 12×16 ಆಗುತ್ತದೆ, 150ನ್ನು 16ರಿಂದ ಭಾಗಿಸಿದರೆ 9.4. ಪ್ರೋಗ್ರಾಂ ಶುರುವಿನಲ್ಲೇ ಕೈಚೆಲ್ಲುತ್ತದೆ. ಒಳಚೌಕಕ್ಕೆ 200 ಎಂಬ ದುಂಡು ಸಂಖ್ಯೆ ಬಿಟ್ಟು 202 ಹಿಡಿದದ್ದಕ್ಕೂ ಕಾರಣವಿದೆ: ಅದರಲ್ಲಿ 1 ಕಳೆದರೆ ಉಳಿದದ್ದು 3ರಿಂದ (9 ಕಿ.ಮೀ.ಗೆ 3 ಕಿ.ಮೀ.ಯ ಅನುಪಾತ) ನಿಶ್ಶೇಷ ಭಾಗವಾಗಬೇಕು.

ಘಟ್ಟದ ಕಡಿದು ಏರು ಇನ್ನೊಂದು ಕಾಟ ಕೊಡುತ್ತದೆ. ಸಮಯದ ಹೆಜ್ಜೆ (ಮಾದರಿ ಒಂದೊಂದು ಸಲ ಮುಂದಕ್ಕೆ ಲೆಕ್ಕ ಹಾಕುವ ಅವಧಿ) ಸೆಕೆಂಡುಗಳಲ್ಲಿ ಬಿಂದುಗಳ ಅಂತರದ ಕಿ.ಮೀ.ಯ ಆರು ಪಟ್ಟು ಎಂಬ ಸೂತ್ರದಂತೆ 9 ಕಿ.ಮೀ.ಗೆ 54 ಬರುತ್ತದೆ. ಬಯಲು ನಾಡಿಗೆ ಅದು ಸರಿ. ಇಲ್ಲಿ ಪಶ್ಚಿಮದ ಗಾಳಿ ಘಟ್ಟಕ್ಕೆ ಅಪ್ಪಳಿಸಿ ನೇರ ಮೇಲೆದ್ದಾಗ ಲೆಕ್ಕ ಸ್ಫೋಟಗೊಳ್ಳುತ್ತದೆ. ದೋಷ ಕಡತಗಳಲ್ಲಿ ‘ಸಿಎಫ್‌ಎಲ್’ (ಹೆಜ್ಜೆ ದೊಡ್ಡದಾಯಿತು ಎಂಬ ಎಚ್ಚರಿಕೆ) ಎಂದು ಹುಡುಕಿ, ಸಾಲುಗಟ್ಟಲೆ ಕಂಡರೆ ಹೆಜ್ಜೆಯನ್ನು 45ಕ್ಕೆ, ಸಾಲದಿದ್ದರೆ 36ಕ್ಕೆ ಇಳಿಸಿ. ಎರಡೂ 3,600ನ್ನು ಸರಿಯಾಗಿ ಭಾಗಿಸುವುದರಿಂದ ಗಂಟೆಗೊಮ್ಮೆ ಬರೆಯುವ ಫಲಿತಾಂಶಕ್ಕೆ ತೊಂದರೆಯಿಲ್ಲ. ಮೇಲ್ಮುಖ ಗಾಳಿಯನ್ನು ತಗ್ಗಿಸುವ ಆಯ್ಕೆ ಹಾಕಿ, ಲೆಕ್ಕವನ್ನು ಸ್ಥಿರವಾಗಿಡುವ ‘ಎಪ್ಸಮ್’ ಅಂಕವನ್ನು 0.1ರಿಂದ 0.3ರ ಆಸುಪಾಸಿಗೆ ಏರಿಸಿ. ಒಳಚೌಕದ ಪೂರ್ವ ಅಂಚು ಘಟ್ಟದ ನೆತ್ತಿಯ ಮೇಲೆ ಬೀಳಬಾರದು. ಕಾರವಾರವನ್ನು ನಡುವೆ ಇಟ್ಟರೆ 600 ಕಿ.ಮೀ. ಅಗಲದ ಚೌಕ ಪಶ್ಚಿಮಕ್ಕೆ ಅರಬ್ಬಿ ಸಮುದ್ರದೊಳಗೆ 300 ಕಿ.ಮೀ. ಚಾಚಿ, ಪೂರ್ವಕ್ಕೆ ಹುಬ್ಬಳ್ಳಿ ದಾಟಿ ಬಯಲಿನಲ್ಲಿ ಮುಗಿಯುತ್ತದೆ. ಉತ್ತರ-ದಕ್ಷಿಣದ ಅಂಚುಗಳು ಘಟ್ಟವನ್ನು ಅಡ್ಡ ಕತ್ತರಿಸುವುದು ತಪ್ಪದು. ಅವು ನಮ್ಮ ಜಿಲ್ಲೆಯಿಂದ ದೂರ ಇದ್ದರೆ ಸಾಕು.

ಇದೆಲ್ಲ ಮಾಡಿಯೂ ಮೊದಲ ನಿಮಿಷದಲ್ಲೇ ‘ಸೆಗ್ಮೆಂಟೇಶನ್ ಫಾಲ್ಟ್’ ಬಂದರೆ ಯಂತ್ರ ಕೆಟ್ಟಿದೆ ಎಂದು ಟಿಕೆಟ್ (ಕೇಂದ್ರದ ಬೆಂಬಲ ತಂಡಕ್ಕೆ ದೂರು) ಹಾಕಲು ಓಡಬೇಡಿ. ಪ್ರೋಗ್ರಾಂ ತಾತ್ಕಾಲಿಕವಾಗಿ ಬಳಸುವ ಮೆಮೊರಿಯ, ಅಂದರೆ ಸ್ಟ್ಯಾಕಿನ, ಮಿತಿಯನ್ನು ತೆಗೆದುಹಾಕುವ ‘ಯುಲಿಮಿಟ್’ ಸಾಲು ಜಾಬ್ ಸ್ಕ್ರಿಪ್ಟಿನಲ್ಲಿ (ಜಾಬ್ ಓಡಿಸುವ ಆದೇಶಗಳ ಕಡತ) ಇದೆಯೇ ನೋಡಿ.

ಲಾಗಿನ್ ವಿಷಯ. ದೂರದ ಯಂತ್ರಕ್ಕೆ ಸುರಕ್ಷಿತವಾಗಿ ಸೇರಿಸುವ ಎಸ್‌ಎಸ್‌ಎಚ್ ಮೂಲಕ ಪ್ರವೇಶ, ಪೋರ್ಟ್ ಸಂಖ್ಯೆ ವಾಡಿಕೆಯ 22 ಆಗಿರದೆ ಬೇರೆ ಇರಬಹುದು, ಖಾತೆಯ ಪತ್ರದಲ್ಲಿ ಬರೆದಿರುತ್ತಾರೆ. ‘ಕನೆಕ್ಷನ್ ಟೈಮ್ಡ್ ಔಟ್’ ಎಂದರೆ ಬಾಗಿಲವರೆಗೇ ತಲುಪಿಲ್ಲ: ಕಾಲೇಜಿನ ಫೈರ್‌ವಾಲ್ ಆ ಪೋರ್ಟನ್ನು ತಡೆದಿರಬಹುದು, ಅಥವಾ ಆ ಕೇಂದ್ರ ನೋಂದಾಯಿತ ಐಪಿ ವಿಳಾಸಗಳನ್ನು ಮಾತ್ರ ಬಿಡುತ್ತಿರಬಹುದು. ‘ಪರ್ಮಿಷನ್ ಡಿನೈಡ್’ ಎಂದರೆ ಬಾಗಿಲು ಮುಟ್ಟಿದ್ದೀರಿ, ಹೆಸರೋ ಪಾಸ್‌ವರ್ಡೋ ತಪ್ಪು. ಮೊಬೈಲ್ ಹಾಟ್‌ಸ್ಪಾಟಿನ ಐಪಿ ಬದಲಾಗುತ್ತಲೇ ಇರುವುದರಿಂದ ನೋಂದಣಿಗೆ ಬಾರದು. ಬ್ರಾಡ್‌ಬ್ಯಾಂಡಿಗೆ ಸ್ಟ್ಯಾಟಿಕ್ ಐಪಿ ಹಾಕಿಸಬೇಕು, ಇಲ್ಲವೇ ಶಿಕ್ಷಣ-ಸಂಶೋಧನಾ ಸಂಸ್ಥೆಗಳ ಜಾಲವಾದ ನ್ಯಾಷನಲ್ ನಾಲೆಜ್ ನೆಟ್‌ವರ್ಕ್ ಸಂಪರ್ಕ ಇರುವ ಸಂಸ್ಥೆಯ ವಿಪಿಎನ್ ಮೂಲಕ ಹೋಗಬೇಕು.

ಜೂನ್‌ನಿಂದ ಆಗಸ್ಟ್‌ವರೆಗೆ ಇಲ್ಲಿ ಕರೆಂಟ್ ಮತ್ತು ನೆಟ್ ಎರಡನ್ನೂ ನಂಬುವಂತಿಲ್ಲ. ಕ್ಯೂಗೆ ಹಾಕಿದ ಜಾಬ್‌ಗೆ ಇದರಿಂದ ಏನೂ ಆಗುವುದಿಲ್ಲ, ನಮ್ಮ ಮನೆಯಲ್ಲಿ ದೀಪ ಆರಿದರೂ ಅದು ಅಲ್ಲಿ ಓಡುತ್ತಲೇ ಇರುತ್ತದೆ. ಕೆಡುವುದು ನಾವು ಕೈಯಾರೆ ಮಾಡುತ್ತಿರುವ ಕೆಲಸ, ಮುಖ್ಯವಾಗಿ ಕಂಪೈಲ್ (ಕೋಡನ್ನು ಯಂತ್ರ ಓಡಿಸುವ ರೂಪಕ್ಕೆ ತರುವುದು) ಮತ್ತು ಫೈಲ್ ಸಾಗಣೆ. ಲಾಗಿನ್ ಆದ ಕೂಡಲೇ ‘ಟಿಮಕ್ಸ್’ ತೆರೆದು ಅದರೊಳಗೆ ಕೆಲಸ ಮಾಡಿದರೆ ಲೈನ್ ಕಡಿದರೂ ಮತ್ತೆ ಬಂದು ಅಲ್ಲಿಂದಲೇ ಮುಂದುವರಿಸಬಹುದು. ಸಾಗಣೆಗೆ ‘ಆರ್‌ಸಿಂಕ್’ ಬಳಸಿ, ಅರ್ಧ ಬಂದ ಫೈಲ್ ಉಳಿಸಿಕೊಳ್ಳುವ ‘ಪಾರ್ಶಿಯಲ್’ ಆಯ್ಕೆಯ ಜತೆಗೆ.

ಅದಕ್ಕಿಂತ ಮೇಲು, ಎಲ್ಲವನ್ನೂ ಇಲ್ಲಿಗೆ ತರುವ ಆಸೆಯನ್ನೇ ಬಿಡುವುದು. ಒಳಚೌಕದಲ್ಲಿ ವಾತಾವರಣದ 40 ಪದರದ ಒಂದು ಅಂಶಕ್ಕೆ (ಗಾಳಿ, ಉಷ್ಣಾಂಶದಂಥದು) ಗಂಟೆಗೆ ಸುಮಾರು 6.5 ಎಂಬಿ. ಇಪ್ಪತ್ತು ಅಂಶ, ಮೇಲೆ ನೆಲಮಟ್ಟದವು ಸೇರಿದರೆ 150 ಎಂಬಿ. ದಿನಕ್ಕೆ 3.6 ಜಿಬಿ, ಒಂದು ಮಳೆಗಾಲಕ್ಕೆ 440 ಜಿಬಿ ಹತ್ತಿರ. 20 ಎಂಬಿಪಿಎಸ್ ಲೈನ್ ಒಮ್ಮೆಯೂ ಕಡಿಯದೆ ಓಡಿದರೂ ಅಷ್ಟನ್ನು ಇಳಿಸಲು 49 ಗಂಟೆ ಬೇಕು. ಮಳೆಯ ಅಂಶವೊಂದನ್ನೇ ಅಲ್ಲಿಯೇ ಬೇರ್ಪಡಿಸಿದರೆ ಇಡೀ ಋತುವಿಗೆ 475 ಎಂಬಿ ಒಳಗೆ ಮುಗಿಯುತ್ತದೆ. ನೆನಪಿರಲಿ, ಮಾದರಿ ಬರೆಯುವ ಮಳೆ ಆರಂಭದಿಂದ ಕೂಡುತ್ತ ಬಂದ ಮೊತ್ತ. ಗಂಟೆಯ ಮಳೆ ಬೇಕಾದರೆ ಹಿಂದಿನ ಗಂಟೆಯದನ್ನು ಕಳೆಯಬೇಕು. ಬೇರ್ಪಡಿಸುವ ಈ ಕೆಲಸವೂ ಜಾಬ್ ಆಗಿಯೇ ಹೋಗಲಿ, ಲಾಗಿನ್ ನೋಡ್ (ಒಳಬಂದವರು ಮೊದಲು ಇಳಿಯುವ ಕಂಪ್ಯೂಟರ್) ಎಲ್ಲರ ಜಗುಲಿ. ಹೊರಗಿನಿಂದ ಹವಾಮಾನ ದತ್ತಾಂಶ ಇಳಿಸುವುದು ಮಾತ್ರ ಲಾಗಿನ್ ನೋಡಿನಲ್ಲೇ, ಲೆಕ್ಕ ಮಾಡುವ ನೋಡ್‌ಗಳಿಗೆ ಸಾಮಾನ್ಯವಾಗಿ ಇಂಟರ್‌ನೆಟ್ ಇರುವುದಿಲ್ಲ.

ಓಟ ನಡೆಯಬೇಕಾದದ್ದು ಸ್ಕ್ರ್ಯಾಚ್ ಜಾಗದಲ್ಲಿ. ಅದು ದೊಡ್ಡದು, ವೇಗದ್ದು, ಆದರೆ ಬ್ಯಾಕಪ್ ಇಲ್ಲ, ಹಳೆಯ ಫೈಲುಗಳನ್ನು ನಿಯಮದಂತೆ ಅಳಿಸುತ್ತಾರೆ. ಕೋಡು, ಸ್ಕ್ರಿಪ್ಟು, ಬೇರ್ಪಡಿಸಿದ ಫಲಿತಾಂಶ ನಿಮ್ಮ ಖಾತೆಯ ಸ್ವಂತ ಜಾಗವಾದ ಹೋಮ್‌ನಲ್ಲಿರಲಿ.

ಕ್ಯೂ ಕಾಯುವುದರ ಬಗ್ಗೆ: ಜಾಬ್‌ಗಳ ಸರದಿ ನೋಡಿಕೊಳ್ಳುವ ಸ್ಲರ್ಮ್ ಎಂಬ ಸಾಫ್ಟ್‌ವೇರ್ ಸಣ್ಣ ಅವಧಿಯ ಜಾಬ್‌ಗಳನ್ನು ದೊಡ್ಡವುಗಳ ನಡುವಿನ ಸಂದಿಯಲ್ಲಿ ತೂರಿಸುತ್ತದೆ. ಎಲ್ಲರೂ ಗರಿಷ್ಠ ಅವಧಿ ಬರೆದುಬಿಡುತ್ತಾರೆ, ಹಾಗೆ ಬರೆದರೆ ಆ ಸಂದಿ ಸಿಗುವುದಿಲ್ಲ. ಹಿಂದಿನ ಓಟದ ನಿಜ ಸಮಯ ನೋಡಿ, ಅದರ ಮೇಲೆ ಶೇ 25 ಸೇರಿಸಿ ಬರೆಯಿರಿ. ಅವಧಿ ಮುಗಿದು ಜಾಬ್ ಸತ್ತರೂ ನಷ್ಟವಾಗದಂತೆ ಮರು-ಆರಂಭದ ಫೈಲನ್ನು 1,440 ನಿಮಿಷಕ್ಕೊಮ್ಮೆ, ಅಂದರೆ ಮಾದರಿಯ ದಿನಕ್ಕೊಮ್ಮೆ ಬರೆಸಿ. ಜಾಬ್ ನಿಂತಿರುವ ಕಾರಣ ‘ಪ್ರಯಾರಿಟಿ’ ಅಥವಾ ‘ರಿಸೋರ್ಸಸ್’ ಎಂದಿದ್ದರೆ ಕಾಯಬೇಕು, ಅಷ್ಟೇ. ನೋಡ್‌ಗಳನ್ನು ನಿರ್ವಹಣೆಗೆ ಕಾದಿರಿಸಲಾಗಿದೆ ಎಂದಿದ್ದರೆ ನಿಮ್ಮ ಅವಧಿ ಆ ದಿನಕ್ಕೆ ತಾಗುತ್ತಿದೆ, ಕಡಿಮೆ ಮಾಡಿದರೆ ಹೊರಡಬಹುದು. ಗುಂಪಿನ ಸಿಪಿಯು ನಿಮಿಷಗಳ ಮಿತಿ ಎಂದು ಬಂದರೆ ಪಾಲು ಮುಗಿದಿದೆ, ಕಾದು ಪ್ರಯೋಜನವಿಲ್ಲ.

ಇವ್ಯಾವುದೂ ಅಲ್ಲದಾಗ ಟಿಕೆಟ್. ಬೆಂಬಲದ ಕಡೆ ಕೂತವರಿಗೆ ದಿನಕ್ಕೆ ಹಲವಾರು ಟಿಕೆಟ್ ಬರುತ್ತವೆ, ‘ನನ್ನ ಜಾಬ್ ಓಡುತ್ತಿಲ್ಲ, ದಯವಿಟ್ಟು ನೋಡಿ’ ಎಂದರೆ ಮರುಪ್ರಶ್ನೆಗಳಲ್ಲೇ ಮೂರು ದಿನ ಹೋಗುತ್ತದೆ. ಮೊದಲ ಪತ್ರದಲ್ಲೇ ಇಷ್ಟು ಇರಲಿ: ಜಾಬ್ ಸಂಖ್ಯೆ, ಸತ್ತ ದಿನಾಂಕ ಮತ್ತು ಗಂಟೆ, ಓಡಿದ ನೋಡ್‌ಗಳ ಹೆಸರು, ಸ್ಕ್ರಿಪ್ಟಿನ ಪೂರ್ತಿ ಪಥ, ಲೋಡ್ ಆಗಿದ್ದ ಮಾಡ್ಯೂಲ್‌ಗಳ (ಜಾಬ್‌ಗೆ ಬೇಕಾದ ಸಾಫ್ಟ್‌ವೇರ್ ಕಟ್ಟುಗಳು) ಪಟ್ಟಿ, ದೋಷ ಕಡತದ ಕೊನೆಯ 20 ಸಾಲು. ಪರದೆಯ ಫೋಟೊ ಬೇಡ, ಅಕ್ಷರವಾಗಿ ಅಂಟಿಸಿ, ಅವರು ಅದನ್ನೇ ಹುಡುಕಾಟಕ್ಕೆ ಹಾಕಬೇಕು. ಎಲ್ಲಕ್ಕಿಂತ ಉಪಯೋಗದ ಸಾಲೊಂದಿದೆ: ‘ಇದೇ ಸ್ಕ್ರಿಪ್ಟ್ ಇಂಥ ದಿನ ಓಡಿತ್ತು, ಆಮೇಲೆ ಬದಲಿಸಿದ್ದು ಇದೊಂದೇ.’ ಫೋಲ್ಡರನ್ನು ಓದಲು ಅವರಿಗೆ ಅನುಮತಿ ಕೊಡಿ. ಪಾಸ್‌ವರ್ಡ್ ಯಾರಿಗೂ ಕೊಡಬೇಡಿ, ಬೆಂಬಲದವರಿಗೆ ಅದು ಬೇಕಾಗುವುದೇ ಇಲ್ಲ. ಒಂದು ಟಿಕೆಟಿಗೆ ಒಂದೇ ತೊಂದರೆ.

ಹಾಕುವ ಮೊದಲು ನಮ್ಮ ಕಡೆಯದೇ ತಪ್ಪೇ ಎಂದು ನೋಡಬೇಕಾದವು ಕೆಲವಿವೆ. ವಿಂಡೋಸ್ ನೋಟ್‌ಪ್ಯಾಡಿನಲ್ಲಿ ಬರೆದ ಸ್ಕ್ರಿಪ್ಟಿನ ಸಾಲಿನ ಕೊನೆಗೆ ಕಾಣದ ಅಕ್ಷರ ಉಳಿದಿರುತ್ತದೆ, ‘ಡಾಸ್‌ಟುಯುನಿಕ್ಸ್’ ಅದನ್ನು ತೆಗೆಯುತ್ತದೆ. ಹವಾಮಾನ ದತ್ತಾಂಶ ಓದಿ ಬರೆಯುವ ನೆಟ್‌ಸಿಡಿಎಫ್ ಲೈಬ್ರರಿ ಸಿಗಲಿಲ್ಲ ಎಂದರೆ ಕಂಪೈಲ್ ಮಾಡಿದಾಗಿನ ಮಾಡ್ಯೂಲ್‌ಗಳನ್ನು ಸ್ಕ್ರಿಪ್ಟಿನೊಳಗೆ ಲೋಡ್ ಮಾಡಿಲ್ಲ. ಫಲಿತಾಂಶದ ಫೈಲ್ ಅರ್ಧಕ್ಕೇ ನಿಂತಿದ್ದರೆ ಕೋಟಾ (ನಿಮಗೆ ಕೊಟ್ಟ ಡಿಸ್ಕ್ ಜಾಗ) ತುಂಬಿರಬಹುದು. ಅದೇ ಜಾಬ್ ಒಂದು ನಿರ್ದಿಷ್ಟ ನೋಡ್ ಪಾಲಿಗೆ ಬಂದಾಗಲೆಲ್ಲ ಸಾಯುತ್ತಿದ್ದರೆ ಮಾತ್ರ ಅದು ಯಂತ್ರದ ದೋಷ. ಆ ನೋಡಿನ ಹೆಸರು ಬರೆದು ಟಿಕೆಟ್ ಹಾಕಿ, ಅಲ್ಲಿಯವರೆಗೆ ಸ್ಕ್ರಿಪ್ಟಿನಲ್ಲಿ ‘ಎಕ್ಸ್‌ಕ್ಲೂಡ್’ ಮಾಡಿ ಕೆಲಸ ಮುಂದುವರಿಸಿ.

ಪಾಲಿನ ನವೀಕರಣಕ್ಕೆ ಬಳಸಿದ ಕೋರ್-ಗಂಟೆ, ಮುಗಿದ ಓಟ, ಪ್ರಬಂಧಗಳ ವರದಿ ಕೇಳುತ್ತಾರೆ. ಪ್ರಬಂಧದ ಕೃತಜ್ಞತೆಯಲ್ಲಿ ಮಿಷನ್ ಮತ್ತು ಯಂತ್ರದ ಹೆಸರು ಕೇಂದ್ರ ಕೊಟ್ಟ ಒಕ್ಕಣೆಯಲ್ಲೇ ಇರಬೇಕು. ಓಟ ಮುಗಿದ ಕೂಡಲೇ ಅದರ ಜಾಬ್ ಸಂಖ್ಯೆ, ಕೋರ್-ಗಂಟೆ, ಉದ್ದೇಶವನ್ನು ಒಂದು ಸಾಲಿನಲ್ಲಿ ಬರೆದಿಡಿ. ವಿದ್ಯಾರ್ಥಿ ಕೋರ್ಸ್ ಮುಗಿಸಿ ಹೋಗುವ ಮೊದಲೇ ಅವರ ಖಾತೆಯ ಫೈಲುಗಳನ್ನು ಗೈಡ್ ಖಾತೆಗೆ ವರ್ಗಾಯಿಸಿಕೊಳ್ಳಿ. ಖಾತೆ ಮುಚ್ಚಿದ ಮೇಲೆ ಅದಕ್ಕೂ ಹೊಸ ಫಾರಂ, ಹೊಸ ಸಹಿ, ಹೊಸ ಸೀಲು ಬೇಕಾಗುತ್ತದೆ.