158ನೇ ದಿನದ ಗಂಜಿ

ಹಸಿ ಆಹಾರ ಶುರು ಮಾಡಿದ್ದು 2019ರ ಫೆಬ್ರವರಿಯಲ್ಲಿ. ಎದೆಯುರಿ ವಿಪರೀತ ಇತ್ತು, ಎರಡು ವಾರ ಒಲೆ ಮುಟ್ಟದ್ದನ್ನು ತಿಂದು ನೋಡುವ ಅಂತ. ಉರಿ ಇಳಿಯಿತು, ತೂಕವೂ ಇಳಿಯಿತು. ಅಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತು. ಮಣಿಪಾಲದ ಆಫೀಸಿನಲ್ಲಿ ಯಾರೋ "ಎಂತ ಮಾರಾಯ, ಮುಖಕ್ಕೆ ಕಳೆ ಬಂದಿದೆ" ಅಂದುಬಿಟ್ಟರು. ಆ ಮಾತು ನೆತ್ತಿಗೇರಿತು.

ಆಮೇಲೆ ತಿಂದದ್ದಕ್ಕಿಂತ ಹೇಳಿಕೊಂಡದ್ದೇ ಹೆಚ್ಚು. ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಅಂಕೆ ಬರೆಯುತ್ತಿದ್ದೆ. ಅಂಬಲಪಾಡಿಯಲ್ಲಿ ಒಂದು ಮದುವೆಗೆ ಮೊಳಕೆ ಕಾಳಿನ ಡಬ್ಬಿ ಹಿಡಿದುಕೊಂಡು ಹೋಗಿ, ಪಂಕ್ತಿಯಲ್ಲೇ ಕೂತು, "ಬೇಯಿಸಿದ್ದೆಲ್ಲ ಸತ್ತ ಆಹಾರ" ಅಂತ ಪಕ್ಕದವರಿಗೆ ಉಪದೇಶ ಮಾಡಿದವ ನಾನು. ಎದುರಿನ ಬಾಳೆಲೆಯಲ್ಲಿ ಕೋಸಂಬರಿ ಇತ್ತು. ನೆನೆಸಿದ ಹೆಸರುಬೇಳೆ, ಸೌತೆ, ಕಾಯಿತುರಿ. ಅದರಲ್ಲಿ ಬೆಂಕಿ ಕಂಡದ್ದು ಒಗ್ಗರಣೆ ಮಾತ್ರ. ಅದು ನನಗೆ ಹೊಳೆಯಲೇ ಇಲ್ಲ.

ಆಟಿ ಬಂತು, ನಮ್ಮ ತುಳುನಾಡಿನ ಮಳೆಗಾಲದ ತಿಂಗಳು. ಅಮ್ಮ ಪತ್ರೊಡೆಗೆ ಅಂತ ಕೆಸುವಿನ ಎಲೆ ಕೊಯ್ದು ತಂದಿದ್ದರು. "ನಿನಗೆ ಇದನ್ನೂ ಹಸಿಯೇ ಕೊಡುವುದಾ?" ಅಂತ ಚಿಕ್ಕಪ್ಪ ಕೆಣಕಿದರು. ಕೆಸು ತುರಿಸುತ್ತದೆ ಅಂತ ನಮ್ಮಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ನನಗೂ ಗೊತ್ತಿತ್ತು. ಆದರೆ ಹಿಂದಿನ ರಾತ್ರಿಯಷ್ಟೇ ಅವರೆದುರು ಅರ್ಧ ಗಂಟೆ ಭಾಷಣ ಬಿಗಿದಿದ್ದೆನಲ್ಲ! ಎಳೆಯ ಎಲೆಯೊಂದನ್ನು ಸೌತೆಯ ಜೊತೆ ಮಿಕ್ಸಿಗೆ ಹಾಕಿ ಒಂದು ಗುಟುಕು ಕುಡಿದೆ. ಕೆಸುವಿನಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿರುತ್ತವೆ. ಪತ್ರೊಡೆ ಮಾಡುವಾಗ ಎಲೆಯ ಜೊತೆಗಿನ ಹಿಟ್ಟಿಗೆ ಹುಣಸೆಹುಳಿ ಸೇರಿಸಿ ಹಬೆಯಲ್ಲಿ ಚೆನ್ನಾಗಿ ಬೇಯಿಸುವುದು ಸುಮ್ಮನೆ ಅಲ್ಲ. ಗಂಟಲೊಳಗೆ ಕಂಬಳಿಹುಳ ಹರಿದ ಹಾಗಾಯಿತು. ತುಟಿ ಬಾತುಕೊಂಡಿತು. ಅಮ್ಮ ಬೈಯಲಿಲ್ಲ, ಹುಳಿಯ ಉಂಡೆ ಬಾಯಿಗಿಟ್ಟರು. ಚಿಕ್ಕಪ್ಪ ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು.

ರಾತ್ರಿ ಕುಚ್ಚಲಕ್ಕಿ ಗಂಜಿ ಬಂತು, ಉಗುರುಬೆಚ್ಚಗೆ, ಬರೀ ಉಪ್ಪು. ಅದು 158ನೇ ದಿನ. ಎರಡು ಬಟ್ಟಲು ಕುಡಿದೆ.

ಮರುದಿನ ಆಫೀಸಿನಲ್ಲಿ "ಎಷ್ಟನೇ ದಿನ?" ಅಂದರೆ "159" ಅಂದೆ. ರಾತ್ರಿ ಅಡುಗೆಮನೆಯಲ್ಲಿ ಕದ್ದು ಗಂಜಿ, ಹಗಲಲ್ಲಿ ಲೆಕ್ಕ. ಹೀಗೆ ಎರಡು ವಾರ.

ಆ ನಡುವೆ ಪಕ್ಕದ ಮನೆಯ ಅಜ್ಜಿಗೆ ಪಪ್ಪಾಯಿ ಹೆಚ್ಚಿಕೊಂಡು ಹೋದೆ, ಜೊತೆಗೆ ನಾಲ್ಕು ಮಾತು ಹೇಳುವ ಉಮೇದಿನಲ್ಲಿ. "ಈಗ ಬೇಡ ಮಗಾ, ಶಾಕವ್ರತ" ಅಂದರು. ಚಾತುರ್ಮಾಸ್ಯದ ಮೊದಲ ತಿಂಗಳು ಹಣ್ಣು ತರಕಾರಿ ಬಿಡುವುದು. ಮುಂದೆ ಮೊಸರು, ಹಾಲು, ದ್ವಿದಳ ಧಾನ್ಯ, ತಿಂಗಳಿಗೊಂದರಂತೆ. ನಾನು ತರಕಾರಿ ತಿಂದು ಡಂಗುರ ಹೊಡೆಯುತ್ತಿದ್ದ ಹೊತ್ತಲ್ಲಿ ಅವರು ಅದನ್ನೇ ಬಿಟ್ಟು ತೆಪ್ಪಗಿದ್ದರು.

"ಎಷ್ಟು ವರ್ಷದಿಂದ ಅಜ್ಜಿ?"

"ಯಾರಿಗೆ ನೆನಪುಂಟು?"

ಮನೆಗೆ ಬಂದು ಕ್ಯಾಲೆಂಡರ್ ಇಳಿಸಿದೆ. ಆಫೀಸಿನಲ್ಲಿ ಗಂಜಿಯ ವಿಷಯ ಹೇಳಿದೆ, ಒಬ್ಬ "ಅಷ್ಟೇನಾ?" ಅಂದು ಚಹಾಕ್ಕೆ ಹೋದ. ಗಾಂಧೀಜಿ 1929ರಲ್ಲಿ ಬೇಯಿಸದ ಆಹಾರದ ಪ್ರಯೋಗ ಮಾಡಿ, ಆಮಶಂಕೆಯಾಗಿ ಕೈಬಿಟ್ಟದ್ದನ್ನು ತಮ್ಮದೇ ಪತ್ರಿಕೆ 'ಯಂಗ್ ಇಂಡಿಯಾ'ದಲ್ಲಿ ಬರೆದುಕೊಂಡರು ಅಂತ ಆಮೇಲೆ ಓದಿದೆ. ನಾನು ಪ್ರಯೋಗದ ಭಾಗ ಮಾತ್ರ ಸಾರುತ್ತಿದ್ದವ.

ರಕ್ತ ಪರೀಕ್ಷೆಯಲ್ಲಿ ಬಿ12 ಕಡಿಮೆ ಬಂತು. ಸೊಪ್ಪು, ಹಣ್ಣಿನಲ್ಲಿ ಅದು ಸಿಗುವುದಿಲ್ಲ; ಹಾಲು, ಮೊಟ್ಟೆ, ಮೀನು ಬೇಕು, ಇಲ್ಲ ಮಾತ್ರೆ. ನಾನು ಮಾತ್ರೆಯನ್ನೂ ತೆಗೆದುಕೊಂಡೆ, ಬೂತಾಯಿ ಮೀನಿನ ಗಸಿಗೂ ಮರಳಿದೆ.

ಈಗ ಮಧ್ಯಾಹ್ನ ಒಂದು ಬಟ್ಟಲು ಹಸಿಯದ್ದು ಇದ್ದೇ ಇರುತ್ತದೆ, ಕೋಸಂಬರಿಯೋ ತಿಮರೆ (ಒಂದೆಲಗ) ತಂಬುಳಿಯೋ. ಮಳೆಗಾಲದ ರಾತ್ರಿಗೆ ಬಿಸಿ ಗಂಜಿಯೇ. ಎದೆಯುರಿ ಮತ್ತೆ ಬರಲಿಲ್ಲ. ಅಂದು ಅದನ್ನು ಇಳಿಸಿದ್ದು ಹಸಿ ತರಕಾರಿಯೋ, ಸಂಜೆಯ ಎಣ್ಣೆಯಲ್ಲಿ ಕರಿದ ಗೋಳಿಬಜೆ ಮತ್ತು ರಾತ್ರಿ ಹತ್ತೂವರೆಯ ಊಟ ನಿಂತದ್ದೋ? ನನ್ನ ಅನುಮಾನ ಗೋಳಿಬಜೆಯ ಮೇಲೆ. ಎಂಟು ಗಂಟೆಗೆ ಊಟ ಮುಗಿಸುತ್ತೇನೆ.

ಮೊನ್ನೆ ಆಟಿಯಲ್ಲಿ ಚಿಕ್ಕಪ್ಪ ಬಂದಿದ್ದರು. ಪತ್ರೊಡೆ ತಟ್ಟೆ ನನ್ನ ಕಡೆ ತಳ್ಳಿ "ಬೆಂದಿದೆಯಾ ನೋಡು" ಅಂದರು. ಬೆಂದಿತ್ತು. ಮೂರು ತುಂಡು ತಿಂದೆ.