ಎಣ್ಣೆಯಲ್ಲಿ ಎರಡು ನೀರಹನಿಗಳ ನಡುವೆ ಗಟ್ಟಿ ಲಿಪಿಡ್ ಪೊರೆ ಕಟ್ಟುವ ಬಗೆ

ಧಾರವಾಡ, ಬೆಳಗಾವಿಗಳಿಂದ ಪುಣೆಯ ಪ್ರಯೋಗಾಲಯಗಳಿಗೆ ಸಂಶೋಧನೆಗೆಂದು ಬಂದ ನಮ್ಮ ವಿದ್ಯಾರ್ಥಿಗಳು ಈ ಪ್ರಯೋಗವನ್ನು ಕಲಿಯುವಾಗ ಕೇಳುವ ಮೊದಲ ಪ್ರಶ್ನೆ, ಹನಿಗಳು ತಾಗಿದೊಡನೆ ಕೂಡಿ ಒಂದಾಗುವುದೇಕೆ ಎಂಬುದು. ಪೊರೆಯ ಗಟ್ಟಿತನವು ಹನಿಗಳು ತಾಗುವ ಕ್ಷಣದಲ್ಲಿ ಅಲ್ಲ, ಅದಕ್ಕೂ ಮುಂಚೆ ನಾವು ಕಾಯುವ ಹೊತ್ತಿನಲ್ಲಿ ನಿರ್ಧಾರವಾಗುತ್ತದೆ.

ಜೀವಕೋಶದ ಪೊರೆಗಳನ್ನು ಕಟ್ಟುವ ಕೊಬ್ಬಿನ ಜಾತಿಯ ಅಣುವೇ ಲಿಪಿಡ್. ಅದರ ತಲೆ ನೀರನ್ನು ಬಯಸುತ್ತದೆ, ಬಾಲಗಳು ನೀರಿನಿಂದ ದೂರ ಉಳಿಯುತ್ತವೆ. ಆದ್ದರಿಂದ ಎಣ್ಣೆಯೊಳಗಿನ ನೀರಹನಿಯ ಸುತ್ತ ಅಣುಗಳು ತಲೆಯನ್ನು ಒಳಗೆ, ಬಾಲವನ್ನು ಹೊರಗೆ ಮಾಡಿ ಒಂದು ಪದರವಾಗಿ ನಿಲ್ಲುತ್ತವೆ. ಅಂಥ ಎರಡು ಹನಿಗಳನ್ನು ತಾಗಿಸಿದರೆ ನಡುವಿನ ಎಣ್ಣೆ ಹೊರಕ್ಕೆ ಸರಿದು, ಎರಡೂ ಪದರಗಳು ಬಾಲಕ್ಕೆ ಬಾಲ ಕೊಟ್ಟು, ಸುಮಾರು 4ರಿಂದ 5 ನ್ಯಾನೋಮೀಟರ್ ದಪ್ಪದ ಜೋಡಿಪದರವಾಗುತ್ತವೆ. ಒಂದು ಪದರದಲ್ಲಿ ತೆರಪು ಉಳಿದಿದ್ದರೂ ಅಲ್ಲಿಂದಲೇ ಹನಿಗಳು ಕೂಡಿಕೊಳ್ಳುತ್ತವೆ.

ಲಿಪಿಡ್ಡಾಗಿ ಡೈಫೈಟಾನಾಯಿಲ್ ಫಾಸ್ಫಟಿಡಿಲ್‌ಕೋಲಿನ್ ಆರಿಸಿಕೊಳ್ಳಿ. ಅದರ ಬಾಲಗಳಲ್ಲಿ ಜೋಡಿಬಂಧಗಳಿಲ್ಲದ ಕಾರಣ ಗಾಳಿಯ ಆಮ್ಲಜನಕಕ್ಕೆ ಸುಲಭವಾಗಿ ಕೆಡುವುದಿಲ್ಲ, ಕೋಣೆಯ ಉಷ್ಣತೆಯಲ್ಲಿ ಹೆಪ್ಪುಗಟ್ಟುವುದೂ ಇಲ್ಲ. ಕ್ಲೋರೋಫಾರ್ಮ್‌ನಲ್ಲಿ ಕರಗಿದ ಲಿಪಿಡನ್ನು ಗಾಜಿನ ಸಿರಿಂಜಿನಿಂದಲೇ ಅಳೆಯಬೇಕು, ಏಕೆಂದರೆ ಪ್ಲಾಸ್ಟಿಕ್ಕಿನಿಂದ ಕರಗಿ ಬಂದ ಕಲ್ಮಶವು ಪೊರೆಯನ್ನು ಕೆಡಿಸುತ್ತದೆ. ಅದನ್ನು ಗಾಜಿನ ಶೀಶೆಯಲ್ಲಿ ನೈಟ್ರೋಜನ್ ಹರಿಸಿ ಒಣಗಿಸಿ, ಕೆಲವು ಗಂಟೆ ನಿರ್ವಾತದಲ್ಲಿಡಿ. ಬಳಿಕ ಮಿಲಿಲೀಟರಿಗೆ 2 ಮಿಲಿಗ್ರಾಮ್‌ನಂತೆ ಬಫರಿನಲ್ಲಿ (ಆಮ್ಲೀಯತೆ ಬದಲಾಗದಂತೆ ಕಾಯುವ ಉಪ್ಪುನೀರಿನಲ್ಲಿ) ಕಲಸಿ, ನಾಲ್ಕೈದು ಸಲ ಹೆಪ್ಪುಗಟ್ಟಿಸಿ ಕರಗಿಸಿ, 100 ನ್ಯಾನೋಮೀಟರ್ ರಂಧ್ರದ ಸೋಸುಪೊರೆಯ ಮೂಲಕ ಹಲವು ಸಲ ಹಾಯಿಸಿ. ಲಿಪಿಡನ್ನು ನೇರವಾಗಿ ಎಣ್ಣೆಯಲ್ಲಿ ಕರಗಿಸುವ ದಾರಿಯೂ ಇದೆ. ಆದರೆ ನೀರಿನಲ್ಲಿಟ್ಟರೆ ಎರಡು ಹನಿಗಳಿಗೆ ಬೇರೆಬೇರೆ ಲಿಪಿಡ್ ಕೊಡಬಹುದಾದ್ದರಿಂದ ನನಗೆ ಅದೇ ಮೇಲೆನಿಸುತ್ತದೆ.

ಎಣ್ಣೆಯ ವಿಷಯದಲ್ಲಿ ಪುಣೆಯವರು ತುಸು ಎಚ್ಚರದಿಂದಿರಬೇಕು. ಸಾಮಾನ್ಯವಾಗಿ ಬಳಸುವ ಹೆಕ್ಸಾಡೆಕೇನ್ ಸುಮಾರು 18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಪ್ಪುಗಟ್ಟುತ್ತದೆ. ಡಿಸೆಂಬರಿನ ಒಂದು ಬೆಳಿಗ್ಗೆ ಕಿಟಕಿಯ ಬಳಿಯಿದ್ದ ನಮ್ಮ ಶೀಶೆ ಚಳಿಗಾಲದ ಕೊಬ್ಬರಿಎಣ್ಣೆಯಂತೆ ಬೆಳ್ಳಗೆ ಗಟ್ಟಿಯಾಗಿತ್ತು. ಶೀಶೆಯನ್ನೂ ತಟ್ಟೆಯನ್ನೂ 25 ಡಿಗ್ರಿಯ ಆಸುಪಾಸಿಗೆ ತಂದ ಮೇಲೆಯೇ ಕೆಲಸ ಆರಂಭಿಸಿ. ಹೆಪ್ಪುಗಟ್ಟುವುದನ್ನು ತಪ್ಪಿಸಲು ಡೆಕೇನ್ ಬಳಸಿದರೆ ಅದರ ಚಿಕ್ಕ ಅಣುಗಳು ಪದರಗಳ ನಡುವೆ ಹೆಚ್ಚು ಉಳಿದು ಪೊರೆ ದಪ್ಪವಾಗುತ್ತದೆ.

ಇಲೆಕ್ಟ್ರೋಡುಗಳಾಗಿ ಬಳಸುವ ಎರಡು ಬೆಳ್ಳಿ ತಂತಿಗಳ ತುದಿಯನ್ನು ಬ್ಲೀಚಿನಲ್ಲಿ ಬೂದುಬಣ್ಣಕ್ಕೆ ತಿರುಗುವವರೆಗೆ ಅದ್ದಿದರೆ ಸಿಲ್ವರ್ ಕ್ಲೋರೈಡ್ ಪದರ ಕೂಡುತ್ತದೆ. ತೊಳೆದು, ಕರಗಿದ ಅಗರೋಸಿನಲ್ಲಿ (ಕಡಲಪಾಚಿಯಿಂದ ಪಡೆದ, ನೀರು ಹಿಡಿಯುವ ಜೆಲ್‌ನಲ್ಲಿ) ಅದ್ದಿ ತೆಗೆಯಿರಿ. ಅಗರೋಸ್ ಇಲ್ಲದಿದ್ದರೆ ಹನಿಯು ತಂತಿಯನ್ನು ಹಿಡಿದು ನಿಲ್ಲುವುದಿಲ್ಲ. ಎರಡೂ ತುದಿಗಳನ್ನು ಎಣ್ಣೆಯಲ್ಲಿ ಮುಳುಗಿಸಿ, ಒಂದೊಂದಕ್ಕೂ ಲಿಪಿಡ್ ಕಲಸಿದ ಬಫರಿನ ಅರ್ಧ ಮೈಕ್ರೋಲೀಟರಿನಷ್ಟು ಹನಿಯನ್ನು ತೂಗಿಸಿರಿ. ಎರಡೂ ಹನಿಗಳ ಒಟ್ಟು ಉಪ್ಪಿನಂಶ ಸಮನಾಗಿರಲಿ, ಇಲ್ಲವಾದರೆ ನೀರು ಪೊರೆಯ ಮೂಲಕ ಹರಿದು ಒಂದು ಹನಿ ಸೊರಗಿ ಇನ್ನೊಂದು ಉಬ್ಬುತ್ತದೆ.

ಈಗ ಕಾಯಬೇಕು. ಹತ್ತರಿಂದ ಇಪ್ಪತ್ತು ನಿಮಿಷ ಹನಿಗಳನ್ನು ದೂರವಿಡಿ. ಹೊರಮೈಯ ಸೆಳೆತ ತಗ್ಗಿದಂತೆ ಹನಿಯು ಗುಂಡಗಿನ ಆಕಾರ ಬಿಟ್ಟು ತುಸು ಜೋತುಬೀಳುವುದನ್ನು ಸೂಕ್ಷ್ಮದರ್ಶಕದಲ್ಲಿ ಕಾಣಬಹುದು, ಪದರ ತುಂಬುತ್ತಿರುವುದರ ಗುರುತು ಅದೇ. ಆಮೇಲೆ ತಂತಿಯನ್ನು ಸರಿಸುವ ತಿರುಪಿನಿಂದ ನಿಧಾನವಾಗಿ ಹನಿಗಳನ್ನು ತಾಗಿಸಿ. ಕೆಲವೊಮ್ಮೆ ಎಣ್ಣೆ ಸರಿಯಲು ಇನ್ನೂ ಹಲವು ನಿಮಿಷ ಹಿಡಿಯುತ್ತದೆ. ಆಗ ಒತ್ತಿ ತಳ್ಳುವುದು ಬೇಡ. ಎಣ್ಣೆ ಸರಿದೊಡನೆ ಬಾಗಿದ ಎರಡು ಅಂಚುಗಳ ನಡುವೆ ಚಪ್ಪಟೆಯಾದ ನೇರ ಗಡಿಯೊಂದು ಮೂಡುತ್ತದೆ.

ಕಣ್ಣಿಗೆ ಕಂಡದ್ದನ್ನು ವಿದ್ಯುತ್ತಿನಿಂದ ಖಚಿತಪಡಿಸಿಕೊಳ್ಳಿ. ಇಲೆಕ್ಟ್ರೋಡುಗಳಿಗೆ 10 ಹರ್ಟ್ಜ್‌ನ, ಋಣ 10ರಿಂದ ಧನ 10 ಮಿಲಿವೋಲ್ಟ್‌ವರೆಗಿನ ತ್ರಿಕೋನ ಅಲೆಯನ್ನು ಕೊಟ್ಟರೆ ಪೊರೆಯು ಚೌಕಾಕಾರದ ಕರೆಂಟನ್ನು ತೋರಿಸುತ್ತದೆ. ಪೊರೆಯ ಧಾರಕತೆ, ಅಂದರೆ ವಿದ್ಯುದಾವೇಶವನ್ನು ಹಿಡಿದಿಡುವ ಶಕ್ತಿ, ಚದರ ಸೆಂಟಿಮೀಟರಿಗೆ ಸುಮಾರು 0.65 ಮೈಕ್ರೋಫ್ಯಾರಡ್ ಎಂದಿಟ್ಟುಕೊಂಡರೆ, 250 ಮೈಕ್ರೋಮೀಟರ್ ಅಡ್ಡಳತೆಯ ಪೊರೆಗೆ ಸುಮಾರು 320 ಪಿಕೋಫ್ಯಾರಡ್, ಅಂದರೆ ಈ ಅಲೆಗೆ ಸುಮಾರು 130 ಪಿಕೋಆಂಪಿಯರ್ ಕರೆಂಟು ಬರಬೇಕು. ಚೌಕದ ಮೇಲ್ಮೈ ಓರೆಯಾಗಿದ್ದರೆ ಪೊರೆ ಸೋರುತ್ತಿದೆ ಎಂದರ್ಥ. ಇಡೀ ಜೋಡಣೆಯನ್ನು ಭೂಸಂಪರ್ಕವಿರುವ ಲೋಹದ ಪೆಟ್ಟಿಗೆಯೊಳಗಿಡದಿದ್ದರೆ ಕಟ್ಟಡದ ವಿದ್ಯುತ್ ಸರಬರಾಜಿನಿಂದ ಬರುವ 50 ಹರ್ಟ್ಜ್‌ನ ಗದ್ದಲದಲ್ಲಿ ಇದಾವುದೂ ಕಾಣುವುದಿಲ್ಲ.

ಅಳತೆ ತಾಳೆಯಾದ ಮೇಲೆ 100 ಮಿಲಿವೋಲ್ಟ್ ಸ್ಥಿರವಾಗಿ ಕೊಟ್ಟು ಅರ್ಧ ಗಂಟೆ ನೋಡಿ. ಪ್ರೋಟೀನ್ ಏನೂ ಹಾಕದಿದ್ದಾಗ ಕರೆಂಟಿನ ಗೆರೆ ಜಿಗಿಯದೆ ನಿಂತರೆ, ಮರುದಿನ ಅದೇ ಲಿಪಿಡ್ಡಿನಲ್ಲಿ ಪೊರೆಯಲ್ಲಿ ರಂಧ್ರ ಕೊರೆಯುವ ಪ್ರೋಟೀನಾದ ಆಲ್ಫಾ ಹೀಮೋಲೈಸಿನ್ ಸೇರಿಸಿ ರಂಧ್ರಗಳನ್ನು ಎಣಿಸಲು ತೊಡಗಬಹುದು.