ಫೀಸಿನ ಲೆಕ್ಕ ಕೇಳಿದ ಮೇಲೆ ಗೊತ್ತಾಗಿದ್ದು

ಮೂರು ವರ್ಷದ ಹಿಂದೆ ನಮ್ಮ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಇದ್ದದ್ದು 31 ಮಕ್ಕಳು. ಈ ಸಲ 60 ದಾಟಿದೆ. "ಕಾನ್ವೆಂಟಿಗೆ ಹೋದ ಮಗು ವಾಪಸ್ ಬರಲ್ಲ, ಸುಮ್ನಿರಿ ಸಾರ್" ಅಂದಿದ್ದ ಸಿಆರ್‌ಪಿಯೇ (ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಇಲಾಖೆಯ ಸಂಪನ್ಮೂಲ ವ್ಯಕ್ತಿ) ಈಗ ಬೇರೆ ಶಾಲೆಯವರನ್ನು ನನ್ನ ಹತ್ತಿರ ಕಳಿಸುತ್ತಾರೆ. ಮಕ್ಕಳು ಹೇಗೆ ಹೆಚ್ಚಾದರು ಅಂತ ಒಬ್ಬೊಬ್ಬರಿಗೂ ಹೇಳಿ ಸಾಕಾಯಿತು, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಸೋತದ್ದು. ಮೇ ಕೊನೆಯ ದಾಖಲಾತಿ ಆಂದೋಲನ ನಿಮಗೆ ಗೊತ್ತೇ ಇದೆ. ತಮಟೆ, ಬ್ಯಾನರ್, ಬಿಸಿಯೂಟ, ಹಾಲು, ಶೂ, ಪುಸ್ತಕ ಎಲ್ಲ ಉಚಿತ ಅನ್ನೋ ಕರಪತ್ರ. ಜನ ಕಾಫಿ ಕೊಟ್ಟು ಕಳಿಸುತ್ತಿದ್ದರು. ಅಷ್ಟು ಹೊತ್ತಿಗೆ ಕಾನ್ವೆಂಟಿನವರು ಮೊದಲ ಕಂತು ಕಟ್ಟಿಸಿಕೊಂಡು ಮೂರು ತಿಂಗಳಾಗಿರುತ್ತಿತ್ತು. ಮುಂದಿನ ವರ್ಷ ನನ್ನ ಕೈಯಿಂದ ಸುಮಾರು 6,000 ಹಾಕಿ ಟೈ, ಬೆಲ್ಟು ತರಿಸಿದೆ. ದೀಪಾವಳಿ ಹೊತ್ತಿಗೆ ಅದರಲ್ಲೊಂದು ಟೈ ಮೇಕೆಮರಿಯ ಕೊರಳಲ್ಲಿತ್ತು. ಒಂದು ಮಗುವೂ ಹೆಚ್ಚಾಗಲಿಲ್ಲ.

ಮಕ್ಕಳು ಕಾನ್ವೆಂಟಿಗೆ ಹೋಗೋದೆಲ್ಲಾ ಇಂಗ್ಲಿಷಿನಿಂದಲೇ ಅಂತ ಸ್ಟಾಫ್ ರೂಮಿನ ತೀರ್ಮಾನ. 2019ರಲ್ಲಿ ಸರ್ಕಾರ ಸುಮಾರು 1,000 ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ಕೊಟ್ಟಾಗ ಆ ಪಟ್ಟಿಯಲ್ಲಿ ನಮ್ಮ ಹೆಸರಿರಲಿಲ್ಲ. ಕೈಚೆಲ್ಲಿ ಕೂರಲು ಒಳ್ಳೆ ನೆಪ ಸಿಕ್ಕಿತು.

ನೆಪ ಕಿತ್ತುಕೊಂಡವಳು ಒಬ್ಬ ತಾಯಿ. ಜಗಲಿ ಮೇಲೆ ಕೂತು ನಾನು ಉಪದೇಶ ಮಾಡುತ್ತಿದ್ದರೆ, "ಮೇಷ್ಟ್ರೇ, ನಿಮ್ ಮಗಳು ಓದಿದ್ದೆಲ್ಲಿ?" ಅಂದಳು. ಕಾನ್ವೆಂಟಿನಲ್ಲಿ. ನಮ್ಮಲ್ಲಿ ಬಹಳ ಜನರ ಕಥೆ ಇದೇ, ಮುಚ್ಚಿಡೋದೇನು. ಮನೆಗೆ ಬಂದು ಹಳೇ ಫೀಸ್ ರಸೀದಿಗಳನ್ನು ತೆಗೆದು ಕೂತೆ. ಮೂರೂವರೆ ವರ್ಷದ ಮಗಳನ್ನು ಅಲ್ಲಿಗೆ ಹಾಕುವಾಗ ನನ್ನ ತಲೆಯಲ್ಲಿ ಇಂಗ್ಲಿಷ್ ಇತ್ತೇ? ಇಲ್ಲ. ನಾವಿಬ್ಬರೂ ಕೆಲಸಕ್ಕೆ ಹೋಗುವವರು. ಅವರು ಎಲ್‌ಕೆಜಿಗೆ ಸೇರಿಸಿಕೊಳ್ಳುತ್ತಿದ್ದರು, ಸಂಜೆ ನಾಲ್ಕೂವರೆ ತನಕ ನೋಡಿಕೊಳ್ಳುತ್ತಿದ್ದರು. ಅಷ್ಟೇ. ಯಾವ ಮನೆಯವರು ಯಾಕೆ ಕಾನ್ವೆಂಟಿಗೆ ಹಾಕಿದರು ಅಂತ ಬರೆದಿಡಲು 100 ಪುಟದ ನೋಟ್‌ಬುಕ್ ತೆಗೆದೆ, ಮೊದಲ ಪುಟ ನನ್ನದೇ ಆಯಿತು.

ಆಮೇಲೆ ಮನೆಗೊಂದು ಪುಟ. ಮೇ ತಿಂಗಳು ಬಿಟ್ಟು ಜನವರಿಯಲ್ಲೇ, ಬೆಳಿಗ್ಗೆ ವ್ಯಾನ್ ನಿಲ್ಲುವ ಅರಳೀಕಟ್ಟೆ ಹತ್ತಿರ ನಿಂತೆ. ಯಾಕೆ ಕಳಿಸ್ತೀರಿ ಅಂತ ಯಾರನ್ನೂ ಕೇಳಲಿಲ್ಲ. ಕೇಳಿದರೆ ಇಂಗ್ಲಿಷು, ಡಿಸಿಪ್ಲೀನು ಅನ್ನೋ ಸಿದ್ಧ ಉತ್ತರ ಬರುತ್ತದೆ. ನಾನು ಕೇಳಿದ್ದು, "ಫೀಸು ಯಾವ ತಿಂಗಳು ಕಟ್ತೀರಿ, ಯಾವ ದುಡ್ಡಲ್ಲಿ?" ದುಡ್ಡಿನ ವಿಷಯ ಬಂತೆಂದರೆ ಜನ ಕೊಟ್ಟದ್ದಕ್ಕೆ ಏನು ಸಿಕ್ಕಿತು ಅಂತ ತಾವೇ ಹೇಳುತ್ತಾರೆ. ಗಂಡಸರ ಬಾಯಿ ಬಿಡಿಸೋದು ಮಾತ್ರ ಕಷ್ಟ. ಅದಕ್ಕೊಂದು ಉಪಾಯ ಇದೆ, ಅದು ನನ್ನ ಹತ್ತಿರವೇ ಇರಲಿ.

ಸುಮಾರು 40 ಮನೆ ಆದವು. ವರ್ಷದ ಫೀಸು 18ರಿಂದ 25 ಸಾವಿರ, ವ್ಯಾನಿಗೆ ತಿಂಗಳಿಗೆ 700-800, ಪುಸ್ತಕ ಬಟ್ಟೆ ಬೇರೆ. ಹಾಲಿನ ಡೈರಿ ಬಟವಾಡೆಯಲ್ಲಿ ಕಟ್ಟುವವರು, ರೇಷ್ಮೆ ಗೂಡು ಮಾರಿ ಕಟ್ಟುವವರು, ಸಂಘದ ಸಾಲ ಎತ್ತಿ ಕಟ್ಟುವವರು. ಒಬ್ಬಾಕೆ ರಸೀದಿಗಳನ್ನೆಲ್ಲ ಬಿಸ್ಕತ್ತಿನ ಡಬ್ಬದಲ್ಲಿ ಮಡಚಿಟ್ಟಿದ್ದಳು. ಅವಳ ದೊಡ್ಡ ಮಗನಿಗೆ ಶಿಕ್ಷಣ ಹಕ್ಕು ಕಾಯ್ದೆಯ (ಆರ್‌ಟಿಇ) ಸೀಟು, ಪುಕ್ಕಟೆ. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆ ಸೀಟು ಇಲ್ಲ ಅಂತ 2019ರಲ್ಲಿ ನಿಯಮ ಬದಲಾಯಿತಲ್ಲ, ಚಿಕ್ಕವನಿಗೆ ತಪ್ಪಿತು. ಆದರೂ ಅಲ್ಲಿಗೇ ಹಾಕಿ ದುಡ್ಡು ಕಟ್ಟುತ್ತಿದ್ದಾಳೆ. ಯಾಕಮ್ಮ ಅಂದರೆ, "ಅಲ್ಲಿ ಮಗು ಬಿದ್ರೆ ಫೋನ್ ಬರುತ್ತೆ. ನಿಮ್ಮಲ್ಲಿ ಬಿದ್ರೆ ಮೊಣಕಾಲು ನೋಡಿ ಸಂಜೆ ಗೊತ್ತಾಗುತ್ತೆ."

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮಾರನೇ ದಿನದಿಂದ ಗೈರುಹಾಜರಾದ ಮಗುವಿನ ಮನೆಗೆ ಹತ್ತೂವರೆಯೊಳಗೆ ಫೋನು. ಬಿದ್ದರೆ, ಜ್ವರ ಬಂದರೆ ತಕ್ಷಣ. ಆಮೇಲೆ ಮಗುವಿನ ಕೈಲಿ ಮನೆಗೆ ಹೋಗುವ ದಿನಚರಿ ಡೈರಿ, ಒಂದಕ್ಕೆ 45 ರೂಪಾಯಿಯಂತೆ ಅಚ್ಚು ಹಾಕಿಸಿದೆ. ದಿನಕ್ಕೊಂದು ಸಾಲು, ಕೆಳಗೆ ಸಹಿ. "ನಲಿಕಲಿ ಕಾರ್ಡು, ಆನ್‌ಲೈನಲ್ಲಿ ಮಕ್ಕಳ ವಿವರದ ಎಸ್‌ಎಟಿಎಸ್ ಎಂಟ್ರಿ ಸಾಲದು ಅಂತ ಇದೂನಾ" ಅಂತ ಸಹೋದ್ಯೋಗಿಗಳು ಗೊಣಗಿದರು. ಮೊದಲ ವರ್ಷ ಅರ್ಧ ಡೈರಿ ನಾನೇ ಬರೆದೆ. ಮಧ್ಯೆ ವಾಟ್ಸಾಪ್ ಗ್ರೂಪು ಮಾಡಿ ನೋಡಿದೆ. ಫೋನು ಅಪ್ಪಂದಿರ ಜೇಬಲ್ಲಿ, ಗ್ರೂಪಿನ ತುಂಬ ಗುಡ್ ಮಾರ್ನಿಂಗ್ ಹೂವು. ಎರಡೇ ತಿಂಗಳಲ್ಲಿ ಮುಚ್ಚಿದೆ.

ನಿಜವಾದ ತಲೆನೋವು ಎಲ್‌ಕೆಜಿ. ನಾವು ಆರು ವರ್ಷಕ್ಕೆ ಕಾಯುತ್ತೇವೆ, ಅವರು ಮೂರೂವರೆಗೇ ಕರೆದೊಯ್ಯುತ್ತಾರೆ. ಪೋಷಕರ ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಕಡೆಯಿಂದ ಊರಿನ ಒಬ್ಬ ಹುಡುಗಿಯನ್ನು 6,000 ಗೌರವಧನಕ್ಕೆ ಹಾಕಿಕೊಂಡೆವು. ವಂತಿಗೆ ಬರಲಿಲ್ಲ, ಮೂರು ತಿಂಗಳ ಸಂಬಳ ನಾನೇ ಕೊಟ್ಟೆ. ಮನೆಯಲ್ಲಿ ಹದಿನೈದು ದಿನ ಮಾತಿಲ್ಲ. ಆಮೇಲೆ ಹಳೇ ವಿದ್ಯಾರ್ಥಿಗಳು ಹೊತ್ತುಕೊಂಡರು. ಅಂಗನವಾಡಿ ಟೀಚರ್ ಬಾಗಿಲಿಗೇ ಬಂದು, "ನನ್ನ ಕೇಂದ್ರ ಮುಚ್ಚಿಸ್ತೀರಾ ಸಾರ್" ಅಂತ ಜಗಳ ತೆಗೆದರು. ಅವರ ಮಾತಿನಲ್ಲೂ ನ್ಯಾಯ ಇತ್ತು. ಹೇಗೆ ಹೊಂದಿಸಿಕೊಂಡೆವು ಅನ್ನೋದು ಊರೊಳಗಿನ ಮಾತು, ಬರೆಯಲ್ಲ. ಅವರ ಹಾಜರಿಯೂ ಕಮ್ಮಿಯಾಗಿಲ್ಲ ಅಂತಷ್ಟೇ ಹೇಳಬಲ್ಲೆ.

ಮೊದಲ ವರ್ಷ ಎಲ್‌ಕೆಜಿಗೆ 9 ಮಕ್ಕಳು, ಮರುವರ್ಷ 16ರ ಆಸುಪಾಸು. ಈ ಲೆಕ್ಕ ಬೇರೆ, 60ರಲ್ಲಿ ಸೇರಿಸಿಲ್ಲ. ಕಾನ್ವೆಂಟಿನಿಂದ ಟಿಸಿ ತಂದು ಮೂರನೇ, ನಾಲ್ಕನೇ ತರಗತಿಗೆ ಸೇರಿದವರು ಹನ್ನೆರಡು ಜನ ಇರಬಹುದು. ಡಬ್ಬದ ತಾಯಿಯ ಚಿಕ್ಕ ಮಗನೂ ಅದರಲ್ಲೊಬ್ಬ. ಬಂದ ಎರಡನೇ ವಾರವೇ ಬಿದ್ದ. ಫೋನ್ ಮಾಡಿದೆ. "ಆಯ್ತು ಮೇಷ್ಟ್ರೇ, ಅರಿಶಿನ ಹಚ್ಚಿ" ಅಂದಳು.

ವ್ಯಾನು ಈಗಲೂ ಅರಳೀಕಟ್ಟೆಗೆ ಬರುತ್ತದೆ. ಅದರಲ್ಲಿ ನಮ್ಮ ಎಸ್‌ಡಿಎಂಸಿ ಅಧ್ಯಕ್ಷರ ಅಣ್ಣನ ಮೊಮ್ಮಗನೂ ಹೋಗುತ್ತಾನೆ. ಆ ಮನೆಯ ಪುಟ ಇನ್ನೂ ಖಾಲಿ. ಫೀಸಿನ ಮಾತೆತ್ತಿದರೆ ಯಜಮಾನರು ಮಳೆ ವಿಚಾರ ತೆಗೆಯುತ್ತಾರೆ.